ನೆಂಟಸ್ತಿಕೆಯ ಲೆಕ್ಕ

ಮೇಷ್ಟ್ರನ್ನು ನೆನೆದಾಗ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬಲಗೈಯ ಅಂಗೈ. ಪ್ರಶ್ನೆಪತ್ರಿಕೆಯನ್ನು ನಮ್ಮ ಮುಂದಿಟ್ಟು, ಪ್ರಶ್ನೆಯ ಕೆಳಗೆ ಅಚ್ಚಾಗಿರುತ್ತಿದ್ದ ನಾಲ್ಕು ಉತ್ತರಗಳ ಮೇಲೆ ಆ ಅಂಗೈಯನ್ನು ಊರಿಬಿಡುತ್ತಿದ್ದರು.

"ಕೆಳಗ ನೋಡಬ್ಯಾಡ. ಅಲ್ಲಿ ಮೂರು ಸುಳ್ಳು ಕುಂತಾವ, ಕೈ ಮಾಡಿ ಕರೀತಾವ. ಮೊದಲು ನಿನ್ನ ಉತ್ತರ ಹೇಳು, ಆಮ್ಯಾಲ ಕೈ ತೆಗೀತೀನಿ" ಎನ್ನುವರು.

ನಶ್ಯದ ಬಣ್ಣ ಹಿಡಿದ ಆ ಬೆರಳುಗಳ ಸಂದಿಯಿಂದ ಒಂದಕ್ಷರ ಕಂಡೀತೇನೋ ಎಂದು ನಾವು ಕತ್ತು ಓರೆ ಮಾಡುವುದು, ಅವರು ಬೆರಳು ಒತ್ತಾಗಿ ಸೇರಿಸುವುದು, ಇದೇ ಒಂದು ಆಟವಾಗಿತ್ತು.

ಅವರು ತೀರಿಕೊಂಡರೆಂದು ಹೋದ ತಿಂಗಳು ತಿಳಿಯಿತು. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕ ಸಂಡೂರಿನ ಪರಿಚಿತರೊಬ್ಬರು ಮಳೆ, ಬಸ್ಸು, ಮೊಮ್ಮಕ್ಕಳು ಎಲ್ಲ ಮಾತು ಮುಗಿದ ಮೇಲೆ, "ಅಂದಂಗ ನಿಮ್ಮ ಮೇಷ್ಟ್ರು ಹೋದ್ರಲ್ರೀ" ಎಂದರು. ಎಂಬತ್ತು ದಾಟಿತ್ತು, ನಿದ್ದೆಯಲ್ಲೇ ಹೋದರಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಇದನ್ನು ಓದಿ, ತಂದೆಗೆ ಹೀಗಾಗಿತ್ತೇ ಎಂದು ನನ್ನಿಂದ ತಿಳಿಯಬಾರದು. ನನ್ನ ಹೆಸರನ್ನು ಬರೆಯಲು ಅಡ್ಡಿಯಿಲ್ಲ, ಅದು ಈ ಬರಹದ ಕೆಳಗೆ ಹೇಗೂ ಇರುತ್ತದೆ.

ಯುದ್ಧದ ಕಾಲ. ಬಳ್ಳಾರಿ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮಂಥವರಿಗೆ ರೈಲ್ವೆಯ ಗುಮಾಸ್ತೆ ಕೆಲಸವೇ ದೊಡ್ಡ ಆಸೆ. ಅದಕ್ಕೊಂದು ಪರೀಕ್ಷೆ. ಇಂಗ್ಲಿಷು, ಲೆಕ್ಕ ಹೇಗೋ ಉರು ಹೊಡೆದು ಬರೆಯಬಹುದಿತ್ತು. ಹೊಸದಾಗಿ ಸೇರಿಸಿದ್ದ ಇನ್ನೊಂದು ಪೇಪರು ಮಾತ್ರ ನಮ್ಮನ್ನು ಕಂಗೆಡಿಸಿತ್ತು. ಅದಕ್ಕೆ ಪುಸ್ತಕವಿಲ್ಲ, ಪಾಠವಿಲ್ಲ. ಯಾರು ಯಾರ ಎಡಕ್ಕೆ ಕುಳಿತಿದ್ದಾರೆ, ಗುಂಪಿಗೆ ಸೇರದ ಪದ ಯಾವುದು, ಈ ಎರಡು ವಾಕ್ಯಗಳಿಂದ ಮೂರನೆಯದು ಹೊರಡುತ್ತದೋ ಇಲ್ಲವೋ, ಬರೀ ಇಂಥವು. ನಾವದನ್ನು ಬುದ್ಧಿ ಪೇಪರು ಎನ್ನುತ್ತಿದ್ದೆವು. ಅದರಲ್ಲಿ ನಪಾಸಾದವನನ್ನು ಊರವರು ಬುದ್ಧಿ ಇಲ್ಲದವನೆಂದೇ ಕರೆಯುತ್ತಿದ್ದುದರಿಂದ ಭಯ ಇಮ್ಮಡಿಯಾಗಿತ್ತು.

ಮೇಷ್ಟ್ರು ಹೊಸಪೇಟೆಯಲ್ಲಿ ಊರ ಹಿರಿಯರ ಮಂಡಳಿಯೊಂದು ನಡೆಸುತ್ತಿದ್ದ ಶಾಲೆಯಲ್ಲಿ ಹಂಗಾಮಿ ಕೆಲಸದಲ್ಲಿದ್ದರು. ಮಂಡಳಿ ವರ್ಷವರ್ಷವೂ ಹೂಂ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುನಸೀಫ್ ಕೋರ್ಟಿನ ವಕೀಲರಾಗಿದ್ದ ನಮ್ಮಪ್ಪ ಆ ಮಂಡಳಿಯ ಸದಸ್ಯರು. ಮೇಷ್ಟ್ರ ಮನೆ ಹಂಪಿಯಲ್ಲಿತ್ತು. ಗುಡಿಯ ಮುಂದಿನ ಬಜಾರಿನ ಕಲ್ಲುಮಂಟಪಗಳಿಗೆ ಮಣ್ಣಿನ ಗೋಡೆ ಎಬ್ಬಿಸಿಕೊಂಡು ಎಷ್ಟೋ ಸಂಸಾರಗಳು ಇದ್ದವು, ಅಂಥದೊಂದು. ಭಾನುವಾರಗಳಲ್ಲಿ ಅದರ ಪಕ್ಕದ ಖಾಲಿ ಮಂಟಪದಲ್ಲಿ ಅವರು ನಮಗೆ ಬುದ್ಧಿ ಪೇಪರಿನ ಪಾಠ ಹೇಳುತ್ತಿದ್ದರು. ಬಳ್ಳಾರಿಯ ದಂಡಿನ ಬಜಾರಿನ ರದ್ದಿ ಅಂಗಡಿಯಲ್ಲಿ ಎಂದೋ ಸಿಕ್ಕ, ದಂಡಿನ ಭರ್ತಿಯ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟೇ ಅವರ ಬಂಡವಾಳ.

ಆ ಪ್ರಶ್ನೆಗಳನ್ನು ಅವರು ಇದ್ದಂತೆ ಕೇಳುತ್ತಿರಲಿಲ್ಲ. ಕೈಗೆ ಗ್ಲೌಸು ಇದ್ದಂತೆ ಕಾಲಿಗೆ ಏನು ಎಂದಿದ್ದರೆ, ಗ್ಲೌಸನ್ನು ಕಂಡವರು ನಮ್ಮಲ್ಲಿ ಯಾರು? ಎಲ್ಲವನ್ನೂ ನಮ್ಮ ಬೀದಿಗೆ ಎಳೆದು ತರುತ್ತಿದ್ದರು. ದಿಕ್ಕಿನ ಪ್ರಶ್ನೆ ಬಂದರೆ ನಮ್ಮನ್ನು ಎಬ್ಬಿಸಿ ಬಜಾರಿನ ನಡುವೆ ನಿಲ್ಲಿಸುವರು. "ಗುಡಿಗೆ ಮುಖ ಮಾಡು. ಹೊಳಿ ಯಾವ ಕೈಗೆ? ಈಗ ಬೆನ್ನು ಮಾಡು. ಈಗ್ಯಾವ ಕೈಗೆ? ಹೊಳಿ ಜಾಗ ಬಿಟ್ಟು ಹೋತೇನು? ಇಲ್ಲ, ನೀ ತಿರುಗಿದಿ." ಹೂವು ಮಾರುವ ಮುದುಕಿ ಇದನ್ನು ನೋಡಿ ನೋಡಿ, ನಾವು ಹಾಯುವಾಗಲೆಲ್ಲ, "ಇವತ್ತು ಹೊಳಿ ಎಲ್ಲೈತಪಾ, ಸಿಕ್ತೇನು?" ಎಂದು ನಗುತ್ತಿದ್ದಳು.

ನಮ್ಮಲ್ಲಿ ಜಾಣನೆಂದರೆ ಹುಲಿಗೆಪ್ಪ. ಕಂಪ್ಲಿಯವನು; ಕಮಲಾಪುರದ ಸೋದರಮಾವನ ಬಾಳೆತೋಟದಲ್ಲಿ ದುಡಿದುಕೊಂಡು ಓದಿದವನು. ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವನು. ಒಮ್ಮೆ ಮೇಷ್ಟ್ರು, "ಬಂಡಿಗೆ ಗಾಲಿ ಇದ್ದಂಗ ಹರಿಗೋಲಿಗೆ ಏನು?" ಎಂದು ಕೇಳಿದರು. ನಾವೆಲ್ಲ ಹುಟ್ಟು ಎಂದೆವು. ಹುಲಿಗೆಪ್ಪ ತಲೆ ಕೆರೆದುಕೊಂಡು, "ಹೊಳಿನೇ ಅಲ್ಲೇನ್ರಿ? ತಳದಾಗ ಉರುಳಾದು ಅದೇ" ಎಂದ. ಮೇಷ್ಟ್ರು ಅವನನ್ನೇ ನೋಡಿದರು.

"ತಪ್ಪು. ಆದ್ರ ಭಾಳ ಚಂದ ಅದ."

"ಚಂದಕ್ಕ ಅರ್ಧ ಮಾರ್ಕರ ಕೊಡ್ರಿ ಸಾರ್."

"ಅಲ್ಲಿ ಚಂದಕ್ಕ ಮಾರ್ಕಿಲ್ಲಪ್ಪ. ನಾನೂ ಅದಕ್ಕ ಕೆಟ್ಟೆ."

ಅವರು ಹರೆಯದಲ್ಲಿ ದಂಡಿನ ಗುಮಾಸ್ತೆ ಕೆಲಸದ ಇಂಥದೇ ಪರೀಕ್ಷೆಗೆ ಕೂತು ನಪಾಸಾಗಿದ್ದರು. ಅದನ್ನು ಮುಚ್ಚಿಡುತ್ತಿರಲಿಲ್ಲ. ಕೇಳಿದ್ದು ಇಷ್ಟು, ನನಗೆ ಗೊತ್ತಿದ್ದದ್ದು ಅಷ್ಟು, ಎಲ್ಲವನ್ನೂ ಅದರೊಳಗೆ ತುಂಬಿಬಿಟ್ಟೆ ಎಂದು ನಗುತ್ತ ಹೇಳುತ್ತಿದ್ದರು. ಅವರ ಪಾಠದ ಸಾರವೂ ಅದೇ: ವಾಕ್ಯ ಏನು ಹೇಳುತ್ತದೋ ಅಷ್ಟನ್ನೇ ಹಿಡಿ, ನಿನ್ನ ಮನೆಯಿಂದ ಏನನ್ನೂ ತಂದು ಸೇರಿಸಬೇಡ.

ಇನ್ನೊಂದು ದಿನ ಎಮ್ಮೆಯ ಪ್ರಶ್ನೆ. "ಎಲ್ಲಾ ಎಮ್ಮಿ ಕರ್ರಗಿರ್ತಾವ. ನಾ ಕಂಡದ್ದು ಕರ್ರಗದ. ಹಂಗಾದ್ರ ನಾ ಕಂಡದ್ದು ಎಮ್ಮಿ ಹೌದೋ ಅಲ್ಲೋ?"

ನಾನು ಎದ್ದು, "ಅಲ್ಲ ಸಾರ್, ಅದು ಹುಲಿಗೆಪ್ಪ" ಎಂದೆ. ಎಲ್ಲರೂ ನಕ್ಕರು.

ಹುಲಿಗೆಪ್ಪ ಕೂತಲ್ಲಿಂದಲೇ, "ಲೇ, ನಿಮ್ಮಪ್ಪನ ಕೋಟೂ ಕರ್ರಗೇ ಐತಿ. ಹಾಲು ಹಿಂಡಾಕ ಬರಲೇನು?" ಎಂದ. ಮೇಷ್ಟ್ರು ನಗು ತಡೆಯಲಾರದೆ ನಶ್ಯದ ಡಬ್ಬಿ ಹುಡುಕುವವರಂತೆ ಅತ್ತ ತಿರುಗಿದರು. ಆಮೇಲೆ ತಿರುಗಿ, "ನೋಡ್ರಿ, ಇಬ್ಬರೂ ಸರಿ ಉತ್ತರ ಹೇಳೀರಿ. ಕರ್ರಗಿದ್ದದ್ದೆಲ್ಲಾ ಎಮ್ಮಿ ಅಲ್ಲ" ಎಂದರು.

ಈಗ ನೆಂಟಸ್ತಿಕೆಯ ಲೆಕ್ಕಕ್ಕೆ ಬರುತ್ತೇನೆ. ಬುದ್ಧಿ ಪೇಪರಿನಲ್ಲಿ ಅಂಥದೊಂದು ಇದ್ದೇ ಇರುತ್ತಿತ್ತು. ಅವತ್ತಿನ ಪ್ರಶ್ನೆ ಹೀಗಿತ್ತು: ಒಬ್ಬ ಗಂಡಸು ಒಬ್ಬ ಹೆಂಗಸನ್ನು ತೋರಿಸಿ, ಇವಳ ತಾಯಿಗೆ ನಾನೊಬ್ಬನೇ ತಮ್ಮ ಎನ್ನುತ್ತಾನೆ, ಅವಳು ಅವನಿಗೆ ಏನಾಗಬೇಕು?

ಮೇಷ್ಟ್ರ ಅಂಗೈ ಇನ್ನೂ ಕಾಗದದ ಮೇಲಿತ್ತು. ನಾನು ಎದ್ದು ನಿಂತು, "ಹೆಂಡತಿ ಸಾರ್" ಎಂದೆ. ಹಿಂದಿನವರು ಕಿಸಕ್ಕೆಂದರು. ನನಗೆ ರೇಗಿತು. "ಯಾಕ ನಗ್ತೀರಿ? ನಮ್ಮ ಮನ್ಯಾಗ ಹಂಗೇ ಅದ. ನಮ್ಮಮ್ಮ ನಮ್ಮಪ್ಪನ ಅಕ್ಕನ ಮಗಳು" ಎಂದೆ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ವಾಡಿಕೆ. ನಕ್ಕವರ ಮನೆಗಳಲ್ಲೂ ಅಂಥ ಜೋಡಿಗಳಿದ್ದವು. ಈ ಪ್ರಶ್ನೆಗೆ ಇಂಥ ಉತ್ತರ ನಮ್ಮೂರಿನ ಹುಡುಗರ ಬಾಯಲ್ಲಿ ಮಾತ್ರ ಬಂದೀತು.

ಮೇಷ್ಟ್ರು ನಗಲಿಲ್ಲ. "ನಿಮ್ಮ ಮನ್ಯಾಗ ಖರೆ. ನಮ್ಮ ಅಜ್ಜನ ಮನ್ಯಾಗೂ ಖರೆ. ಆದ್ರ ಈ ವಾಕ್ಯದಾಗ ಮದುವಿನೇ ಆಗಿಲ್ಲ. ಪ್ರಶ್ನಿ ಬರದಾತ ಎಲ್ಲಿಯವನೋ. ಅವನ ಮದುವಿಗೆ ನಾವು ಹೋಗಿಲ್ಲ, ನಮ್ಮ ಮದುವಿಗೆ ಅವ ಬಂದಿಲ್ಲ. ಅಕ್ಕನ ಮಗಳು ಅಂತ ಬರದು ಮುಂದಕ್ಕ ನಡಿ" ಎಂದರು. ಆಮೇಲೆ ನಕ್ಕವರಿಗೆ, "ತಾಯಿ ಮಾತು ಬಂದಾಗ ಹಲ್ಲು ಕಿಸೀಬಾರದು" ಎಂದು ಗದರಿದರು.

ನಾವೆಲ್ಲ ಪರೀಕ್ಷೆಗೆ ಮೊದಲ ಸಲ ಕೂತಾಗ ಹುಲಿಗೆಪ್ಪ ಜ್ವರ ಬಂದು ಮಲಗಿದ್ದ. ಅವನಿಗೆ ಉಳಿದದ್ದು ಮುಂದಿನ ಸಲ ಒಂದೇ. ಅದಾದ ಮೇಲೆ ವಯಸ್ಸಿನ ಮಿತಿ ದಾಟುತ್ತಿತ್ತು. ನಾನು ಬಳ್ಳಾರಿಗೆ ಹೋಗಿ ಬರೆದು ಬಂದೆ. ನಿಜ ಹೇಳಬೇಕೆಂದರೆ ಆ ವರ್ಷ ನಾನು ಹಂಪಿಗೆ ಹೋದ ಭಾನುವಾರಗಳಿಗಿಂತ ಹಂಪಿಗೆಂದು ಹೇಳಿ ಹೊಸಪೇಟೆಯ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕೂತ ಭಾನುವಾರಗಳೇ ಹೆಚ್ಚು. ಬುದ್ಧಿ ಪೇಪರಿನಲ್ಲಿ ಅರ್ಧದಷ್ಟನ್ನು ಬಿಟ್ಟು ಎದ್ದು ಬಂದಿದ್ದೆ. ನಪಾಸಾಯಿತು.

ಅಪ್ಪ ಕೋರ್ಟಿನಿಂದ ಬಂದವರು ಕೋಟು ಕೂಡ ಬಿಚ್ಚದೆ ನನ್ನನ್ನು ನಿಲ್ಲಿಸಿಕೊಂಡರು. ಏನು ಕೇಳಿದ್ದರು, ಏನು ಬರೆದೆ, ಒಂದೊಂದಾಗಿ ಹೇಳು ಎಂದರು. ನನಗೆ ಸರಿಯಾಗಿ ನೆನಪಿದ್ದದ್ದು ನೆಂಟಸ್ತಿಕೆಯ ಪ್ರಶ್ನೆಯೊಂದೇ. ಅದು ಪರೀಕ್ಷೆಯಲ್ಲಿ ಬಂದಿತ್ತು, ಅದಕ್ಕೆ ನಾನು ಸರಿಯಾದ ಉತ್ತರವನ್ನೇ ಬರೆದಿದ್ದೆ. ಅದನ್ನೇ ಹೇಳಿದೆ.

"ಅಕ್ಕನ ಮಗಳು ಅಂತ ಬರದ್ಯಾ? ಹೆಂಡತಿ ಅಲ್ಲೇನೋ! ಕಣ್ಣ ಮುಂದ ಇದ್ದದ್ದು ಕಾಣಲಿಲ್ಲೇನು? ಹಿಂಗ ಯಾರು ಕಲಿಸಿದರು?"

ನನಗೆ ದಾರಿ ಕಂಡಿತು. "ಮೇಷ್ಟ್ರು" ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅಪ್ಪ ಮೇಷ್ಟ್ರನ್ನು ದಡ್ಡರೆಂದುಕೊಂಡು ಬಿಡುತ್ತಿದ್ದರೋ ಏನೋ. ನಾನು ಮುಂದುವರಿಸಿದೆ. "ನಾ ಹೆಂಡತಿ ಅಂತಲೇ ಹೇಳಿದ್ದೆ. ಅವರು ನಮ್ಮಮ್ಮನ ಮಾತು ತೆಗೆದು ಎಲ್ಲಾರ ಮುಂದ ನಗಿಸಿದರು" ಎಂದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ, "ನಾ ಅಕ್ಕನ ಮಗಳೂ ಹೌದು, ಹೆಂಡತಿನೂ ಹೌದು. ಅದರಾಗ ನಗೋದೇನದ, ಸಿಟ್ಟಾಗೋದೇನದ?" ಎಂದರು. ಅಪ್ಪ, "ನೀ ಒಳಗ ನಡಿ" ಎಂದರು.

ಮುಂದಿನ ವಾರ ನಮ್ಮ ಪಡಸಾಲೆಯಲ್ಲಿ ಮಂಡಳಿಯವರು ಸೇರಿದರು. ಬೆಲ್ಲದ ವ್ಯಾಪಾರಿ ಸಾಹುಕಾರರೊಬ್ಬರು ಅಧ್ಯಕ್ಷರು. ಮೇಷ್ಟ್ರನ್ನು ಕರೆಸಿದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳದ್ದರಿಂದ ಅವರು ಕಂಬದ ಬಳಿ ನಿಂತೇ ಇದ್ದರು. ಕೊಡೆ ಒದ್ದೆಯಾಗಿತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದರು.

"ಮೇಷ್ಟ್ರೇ, ತಾಯಿಗೆ ತಮ್ಮ ಆದವ ಮಗಳಿಗೆ ಗಂಡ ಆಗಂಗಿಲ್ಲೇನ್ರಿ?" ಸಾಹುಕಾರರು ಕೇಳಿದರು.

"ಆಗಬಹುದ್ರಿ. ಆದ್ರ ಪ್ರಶ್ನಿಯೊಳಗ..."

"ನನ್ನ ಹೇಣ್ತಿನೂ ಅಕ್ಕನ ಮಗಳೇ. ನಿಮ್ಮ ಲೆಕ್ಕದಾಗ ನಂಗ ಹೇಣ್ತಿನೇ ಇಲ್ಲೇನು ಹಂಗಾರ?" ಎಲ್ಲರೂ ನಕ್ಕರು. ಆ ನಗೆಯಲ್ಲಿ ಅದು ಮುಗಿದೂ ಹೋಗುತ್ತಿತ್ತು. ಅಪ್ಪ ಮಾತ್ರ ನಗಲಿಲ್ಲ. ಸಾಕ್ಷಿದಾರನನ್ನು ಕೇಳುವ ಧ್ವನಿಯಲ್ಲಿ ಕೇಳಿದರು:

"ಪ್ರಶ್ನಿ ಹಾಳಾಗಿ ಹೋಗ್ಲಿ. ಹುಡುಗರ ಮುಂದ ನನ್ನ ಹೆಂಡತಿ ಮಾತು ಬಂದದ್ದು ಹೌದೋ ಅಲ್ಲೋ?"

"ಬಂತು ಸ್ವಾಮಿ."

"ಯಾರು ತೆಗೆದದ್ದು?"

ಮೇಷ್ಟ್ರು, ಅಪ್ಪನ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದರು. "ನೀನೇ ಹೇಳಪ್ಪ" ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ. ಉತ್ತರ ಬರುವ ಹುಡುಗನನ್ನು ಎಬ್ಬಿಸುವಾಗ ಇರುತ್ತಿದ್ದ ಧ್ವನಿಯೇ ಅದು.

"ತಾವೇ ಸಾರ್" ಎಂದೆ.

ಅವರು ಸುತ್ತಿದ್ದ ಕೊಡೆಯನ್ನು ಇನ್ನೊಮ್ಮೆ ಸುತ್ತಿದರು. ಅಪ್ಪ ವಕೀಲರಲ್ಲವೇ, ದಾರಿಯನ್ನೂ ಅವರೇ ತೋರಿಸಿದರು: "ತೆಗೆದು ಹಾಕೋದು ಬ್ಯಾಡ. ಬ್ಯಾರೆ ಕಡೆ ಛಲೋ ಕೆಲಸ ಸಿಕ್ಕದ ಅಂತ ಹೇಳಿ ನೀವೇ ಬಿಟ್ಟು ಹೋಗ್ರಿ. ನಿಮ್ಮ ಮರ್ಯಾದಿನೂ ಉಳೀತದ." ಮೇಷ್ಟ್ರು ತಲೆಯಾಡಿಸಿ ಮೆಟ್ಟಿಲಿಳಿದರು.

ತಿಂಗಳೊಳಗೆ ಹಂಪಿಯ ಮನೆ ಖಾಲಿಯಾಯಿತು. ಮೇಷ್ಟ್ರಿಗೆ ಸಂಡೂರು ಸಂಸ್ಥಾನದಲ್ಲಿ, ಯಶವಂತನಗರದ ಮ್ಯಾಂಗನೀಸ್ ಗಣಿಯಲ್ಲಿ ಕೆಲಸ ಸಿಕ್ಕಿತಂತೆ, ಸಂಬಳ ಹೆಚ್ಚಂತೆ ಎಂದು ಊರೆಲ್ಲ ಮಾತಾಯಿತು. ನಾನೂ ಹಾಗೆಯೇ ಹೇಳಿದೆ. ಹುಲಿಗೆಪ್ಪ ಕಮಲಾಪುರದಿಂದ ಹೊಸಪೇಟೆಗೆ ನಡೆದು ಬಂದು ನಮ್ಮ ಮನೆಯ ಮುಂದೆ ನಿಂತು ಕೇಳಿದ: "ಖರೇನ ಹೋದ್ರೇನಲೇ? ನನಗ ಇದೊಂದೇ ಸಲ ಉಳದೈತಿ ಅಂತ ಅವರಿಗೆ ಗೊತ್ತಿತ್ತು. ಒಂದು ಮಾತರ ಹೇಳಿ ಹೋಗಬಾರದೇನು?"

"ರೊಕ್ಕ ಯಾರಿಗೆ ಬ್ಯಾಡ?" ಎಂದೆ ನಾನು.

ಅವನು ಆ ಪರೀಕ್ಷೆಗೆ ಒಬ್ಬನೇ ಓದಿ ಕೂತ. ಬುದ್ಧಿ ಪೇಪರಿನಲ್ಲಿ ನಪಾಸಾದ. ಅದೇ ಪರೀಕ್ಷೆಯಲ್ಲಿ ನಾನು ಪಾಸಾದೆ. ಉತ್ತರಗಳ ಮೇಲೆ ನನ್ನದೇ ಎಡ ಅಂಗೈ ಮುಚ್ಚಿಕೊಂಡು ಒಂದೊಂದೇ ಪ್ರಶ್ನೆ ಬಿಡಿಸಿದೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ರೈಲ್ವೆಯ ಆ ಕೆಲಸದಲ್ಲೇ ಸಂಸಾರ ಕಟ್ಟಿದೆ, ಪಿಂಚಣಿಗೂ ಬಂದೆ.

ಅಪ್ಪ ಹೋದ ಮೇಲೆ, ನನ್ನ ತಲೆಗೂದಲು ಬೆಳ್ಳಗಾಗುತ್ತಿದ್ದಾಗ, ಒಂದು ಬೆಳಗ್ಗೆ ಯಶವಂತನಗರಕ್ಕೆ ಹೋದೆ. ಮೇಷ್ಟ್ರು ಗಣಿಯ ಕೆಲಸದಿಂದ ನಿವೃತ್ತರಾಗಿ ಅಲ್ಲೇ ಉಳಿದಿದ್ದರು. ಅಂಗಳದಲ್ಲಿ ಕೂತು ಗಣಿ ಕೂಲಿಗಳ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಗಣಿಯ ಕೆಂಪು ದೂಳು ಅವರ ಪಂಚೆಯ ಅಂಚಿನಲ್ಲೂ ಕೂತಿತ್ತು. ನನ್ನನ್ನು ಕೂಡಲೇ ಗುರುತಿಸಿದರು.

"ಬಾರಪ್ಪ, ಕೂಡು. ವಕೀಲರ ಮಗ ಅಲ್ಲೇನು?"

ಮಕ್ಕಳು ಹೋದ ಮೇಲೆ ಎಲ್ಲ ಹೇಳಿದೆ. ಇಷ್ಟು ವರ್ಷ ಮನಸ್ಸಿನಲ್ಲಿ ಒಂದು ಚಿತ್ರ ಕಟ್ಟಿಕೊಂಡಿದ್ದೆ: ಶಿಷ್ಯನನ್ನು ಉಳಿಸಲು ಸುಳ್ಳನ್ನು ನುಂಗಿಕೊಂಡ ಮಹಾತ್ಮರು ಅವರು. ಅದನ್ನೇ ಹೇಳಿ ಕಣ್ಣೀರು ಹಾಕಿದೆ. ಅವರಿಗೆ ಮುಜುಗರವಾಯಿತು.

"ಇಲ್ಲಪ್ಪ. ಅಷ್ಟು ದೊಡ್ಡ ಮನಸ್ಸು ನಂದಲ್ಲ. ನಿನ್ನ ಉಳಿಸಬೇಕು ಅಂತ ನಾ ಸುಮ್ಮನಿರಲಿಲ್ಲ. ನಿಮ್ಮಪ್ಪಗ ಅಂಜಿದ್ದೆ. ಅವರ ಎದುರಿಗೆ ನನಗ ಬಾಯಿನೇ ಬರಲಿಲ್ಲ. ನೀನೂ ಅಂಜಿದ್ದಿ, ನಾನೂ ಅಂಜಿದ್ದೆ. ನೀ ಆಗ ಸಣ್ಣಾವ, ನನಗ ಮೀಸಿ ಬಂದಿತ್ತು."

ನಶ್ಯ ಏರಿಸಿ, ಮೂಗು ಒರೆಸಿಕೊಂಡು, ಕೇಳಿದರು. "ಹುಲಿಗೆಪ್ಪಗ ಹೇಳಿದ್ಯೇನು?"

"ಇಲ್ಲ ಸಾರ್."

"ನನಗ ಹೆಂಗೋ ಕೆಲಸ ಸಿಕ್ಕಿತು. ಕೆಲಸ ಇಲ್ದ ಕೆಟ್ಟಾವ ಅವ. ನಾ ಒಂದು ಸಲ ಕಂಪ್ಲಿಗೆ ಹೋಗಿದ್ದೆ. ನನ್ನ ನೋಡಿ ಎದ್ದು ಒಳಗ ಹೋದ, ಹೊರಗ ಬರಲೇ ಇಲ್ಲ. ರೊಕ್ಕದ ಆಸಿಗೆ ನಡುನೀರಿನಾಗ ಬಿಟ್ಟು ಹೋದೆ ಅಂತ ತಿಳಿದಾನ. ಅಂಜಿ ಓಡಿದೆ ಅಂತ ಅವನ ಮುಂದ ಹೇಳಿಕೊಳ್ಳಲಿಕ್ಕೆ ನಾಚಿಕಿ ಆತು, ತಿರುಗಿ ಬಂದೆ. ನೀ ಹೋಗಿ ಹೇಳು."

ಆಗಲಿ ಎಂದೆ. ಹೋಗಲಿಲ್ಲ. ಮುಂದಿನ ವಾರ, ದೀಪಾವಳಿ ಕಳೆದ ಮೇಲೆ, ಮಗಳ ಮದುವೆಯಾದ ಮೇಲೆ ಎಂದುಕೊಂಡು ವರ್ಷಗಳು ಉರುಳಿದವು. ಮೇಷ್ಟ್ರು ಮತ್ತೆ ಕೇಳಲಿಲ್ಲ. ಅವರನ್ನು ನೋಡಲು ನಾನೂ ಮತ್ತೆ ಹೋಗಲಿಲ್ಲ.

ಸುದ್ದಿ ತಿಳಿದ ಮರುದಿನ ಕಂಪ್ಲಿಯ ಬಸ್ಸು ಹತ್ತಿದೆ. ಹುಲಿಗೆಪ್ಪನ ಮನೆ ಹೊಳೆಗೆ ಹತ್ತಿರ. ಒಣಗಿದ ಕಬ್ಬಿನ ಸೋಗೆಯನ್ನು ಕಟ್ಟು ಕಟ್ಟುತ್ತಿದ್ದ. ನನ್ನನ್ನು ನೋಡಿ ಸೊಸೆಗೆ ಕೂಗಿ ಹೇಳಿದ: "ಚಾ ಮಾಡವ್ವ, ರೈಲ್ವೆ ಸಾಹೇಬ್ರು ಬಂದಾರ." ಆ ಮಾತಿನಲ್ಲಿ ಕುಟುಕಿತ್ತೋ ಇಲ್ಲವೋ ತಿಳಿಯಲಿಲ್ಲ.

"ಮೇಷ್ಟ್ರು ಹೋದ್ರು" ಎಂದೆ.

ಅವನು ಹಗ್ಗ ಬಿಗಿಯುತ್ತಲೇ, "ಹೋದ್ರಾ? ಹೋಗ್ಲಿ ಬಿಡು. ನನ್ನ ಪಾಲಿಗೆ ಅವರು ಆವಾಗಲೇ ಹೋದ್ರು" ಎಂದ.

ನಾನು ನಿಂತೇ ಹೇಳಿದೆ. ಡೇರೆಯ ಸಿನಿಮಾದಿಂದ ಹಿಡಿದು ಪಡಸಾಲೆಯವರೆಗೆ, ಅಪ್ಪ ತೋರಿಸಿದ ದಾರಿ, ನಾನಾಡಿದ ರೊಕ್ಕದ ಮಾತು, ಮೇಷ್ಟ್ರು ಯಶವಂತನಗರದಲ್ಲಿ ಕೇಳಿದ್ದು, ನಾನು ಬಾರದೆ ಉಳಿದದ್ದು, ಎಲ್ಲ. ಚಹಾ ಬಂದು ಆರಿತು. ಅವನು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದ: "ನಮ್ಮ ಮನೀಗೆ ಬಂದಾಗೂ ಅವರು ಇದನ್ನ ಹೇಳಾಕೇ ಬಂದಿದ್ರೇನು?"

"ಹೌದು. ನೀ ಒಳಗ ಹೋದಿಯಂತ."

ಅವನು ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಎದ್ದು ಹೆಗಲ ಮೇಲಿನ ಟವೆಲು ಕೊಡವಿ, ಒಳಗೆ ತಿರುಗಿ, "ಏನೂ ಮುಟ್ಟಬ್ಯಾಡ್ರವ್ವಾ, ನಮ್ಮ ಹಿರ್‍ಯಾರು ಒಬ್ಬರು ತೀರ್‍ಯಾರ. ಹೊಳಿಗೆ ಹೋಗಿ ಬರ್ತೀನಿ" ಎಂದ.

ನಾನು ಅವನ ಹಿಂದೆಯೇ ನಡೆದೆ. ಅಂಗಿ ಕಳಚಿ ಬಂಡೆಯ ಮೇಲಿಟ್ಟು ನೀರಿಗಿಳಿದ. ಮೊಣಕಾಲು ನೋಯುತ್ತಿದ್ದವೇನೋ, ಒಂದು ಕೈಯಿಂದ ಕಲ್ಲು ಹಿಡಿದೇ ಮುಳುಗಿದ, ಮತ್ತೆ ಮತ್ತೆ ಮುಳುಗಿದ. ತಂದೆ ಹೋದಾಗ ಮಾಡುವಂತೆ ತಲೆಯ ಮೇಲೆ ಟವೆಲು ಹಾಕಿಕೊಂಡು ಸೊಂಟದುದ್ದ ನೀರಿನಲ್ಲಿ ಸುಮ್ಮನೆ ನಿಂತ. ಆಮೇಲೆ ತಿರುಗಿ ನೋಡಿದ.

"ನೀ ಮುಳ್ಗಿದ್ಯೇನು?"

ಸುದ್ದಿ ಕೇಳಿದ ಮೇಲೆ ಊಟ ಮಾಡಿದ್ದೆ, ಮಲಗಿದ್ದೆ, ಬಸ್ಸು ಹತ್ತಿದ್ದೆ. ಅವರ ಹೆಸರಿನಲ್ಲಿ ತಲೆಗೆ ಒಂದು ತಂಬಿಗೆ ನೀರು ಸುರಿದುಕೊಳ್ಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

"ಇಲ್ಲ" ಎಂದೆ.

"ಮತ್ತ ಅಲ್ಲೇ ಯಾಕ ನಿಂತಿ?" ಎಂದು, ತಾನು ಹಿಡಿದಿದ್ದ ಕಲ್ಲನ್ನು ನನಗೆ ಬಿಟ್ಟು, ಅವನು ಇನ್ನಷ್ಟು ಆಳಕ್ಕೆ ಸರಿದ.